ನಾಲ್ಕುನೂರ ಹದಿನೇಳನೆಯ ಸೀಸೆ

ಕಪ್ಪತಗುಡ್ಡದ ಒರೆಮನೆ,
ಆಷಾಢ ಮೂವತ್ತನಾಲ್ಕು, ಹತ್ತು ತಿಂಗಳ ಎಣಿಕೆಯ ತೊಂಬತ್ತಾರನೆಯ ವರ್ಷ

ನೋಟುಬುಕ್ಕಿನ ಅಜ್ಜಿ ನೀಲಾಂಬಿಕಾ ಅವರಿಗೆ ನಿಂಬವ್ವ ಮಾಡುವ ಶರಣು.

ಆಷಾಢಕ್ಕೆ ಮೂವತ್ತನಾಲ್ಕನೆಯ ದಿನ ಎಲ್ಲಿಂದ ಬಂತು ಎಂದು ನೀವು ಕ್ಯಾಲೆಂಡರಿನ ಕಡೆ ನೋಡುವ ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಯಾವ ಎರಡು ತಿಂಗಳನ್ನು ನುಂಗಿದಿರಿ ಎಂದು ಜಗಳಕ್ಕೆ ಬರಬೇಡಿ. ಆ ಜಗಳ ನಾನು ಹುಟ್ಟುವ ಮೊದಲೇ ಮುಗಿದುಹೋಗಿದೆ. ನಿಮ್ಮ ಲೆಕ್ಕದಲ್ಲಿ ನಾನು ಸುಮಾರು ನೂರ ಎಂಬತ್ತು ವರ್ಷ ಆಚೆಗಿದ್ದೇನೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ನೋಟುಬುಕ್ಕನ್ನೇ ಮುಂದಿಟ್ಟುಕೊಂಡು ನಿಮ್ಮ ಕಾಲದ ಕನ್ನಡದಲ್ಲೇ ಬರೆಯಲು ಕೂತಿದ್ದೇನೆ. ಆದರೂ ನಡುನಡುವೆ ನಮ್ಮ ಕಾಲದ ಪದಗಳು ನುಸುಳುತ್ತವೆ. ಅಕ್ಕಿಯಲ್ಲಿ ಕಲ್ಲು ಸಿಕ್ಕಿದಾಗ ಮಾಡುವಂತೆ, ಅವನ್ನು ಆರಿಸಿ ಪಕ್ಕಕ್ಕಿಟ್ಟು ಮುಂದೆ ಓದಿ.

ನೀವು ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕೂತು, ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣದ ಔಷಧಿಗಳನ್ನು ಪರೀಕ್ಷಿಸುತ್ತಿದ್ದಿರಿ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ನಿಮಗಾಗಿ ನಾಲ್ಕು ಮಾತು ಬರೆದಿಟ್ಟುಕೊಂಡಿರಿ. ಅದನ್ನು ಏಳು ತಲೆಮಾರಿನ ಪರೀಕ್ಷಕರು ಕೈಯಿಂದಲೇ ನಕಲು ಮಾಡಿಕೊಂಡು ಬಂದಿದ್ದೇವೆ ಎಂದರೆ ನಿಮಗೆ ನಗು ಬರಬಹುದು. ನಕಲು ಮಾಡುವವರು ಒಂದಕ್ಷರವನ್ನೂ ಬಿಡಬಾರದೆಂಬ ಕಟ್ಟಳೆ ಇರುವುದರಿಂದ, ಮೂವತ್ತೊಂದನೆಯ ಪುಟದ ಅಂಚಿನಲ್ಲಿ ನೀವು ಬರೆದ 'ಸಂಜೆ ಮೆಂತ್ಯ ಸೊಪ್ಪು, ಕಾಲು ಕೆಜಿ ಹುಣಸೆಹಣ್ಣು' ಎಂಬುದೂ ಹಾಗೇ ಉಳಿದುಬಂದಿದೆ. ಅದು ಯಾವ ಪರೀಕ್ಷೆಗೆ ಬೇಕಾದ ಸಾಮಾನು ಎಂದು ನಮ್ಮ ಹಿರಿಯರು ಮೂರು ವರ್ಷ ಚರ್ಚೆ ಮಾಡಿದರಂತೆ. ಹನ್ನೆರಡನೆಯ ಪುಟದಲ್ಲಿ 'ನಮ್ಮವರ ಔಷಧಿ ಬಂದರೆ ನಾನು ಮುಟ್ಟುವುದಿಲ್ಲ, ರಜನಿಗೆ ಕೊಡುತ್ತೇನೆ' ಎಂದು ಬರೆದಿದ್ದೀರಿ. ರಜನಿ ನಿಮ್ಮ ಪಕ್ಕದ ಕುರ್ಚಿಯವಳಿರಬೇಕು. ಈಗ ನಮ್ಮಲ್ಲಿ ನೆರವಿಗೆ ನಿಲ್ಲುವ ಎರಡನೆಯ ಪರೀಕ್ಷಕರಿಗೆ ರಜನಿ ಎಂದೇ ಹೆಸರು. ಪೊದೆಮೀಸೆಯ ದ್ಯಾಮಣ್ಣ ಹತ್ತೊಂಬತ್ತು ವರ್ಷ ನನ್ನ ರಜನಿಯಾಗಿದ್ದ.

ಕೆಲಸದಿಂದ ಬಿಡುಗಡೆಯಾಗುವ ದಿನ ನಮ್ಮಲ್ಲಿ ಪ್ರತಿಯೊಬ್ಬರೂ ನಿಮಗೊಂದು ಪತ್ರ ಬರೆಯುವುದು ರೂಢಿ. ಅದನ್ನು ಸೀಸದ ಡಬ್ಬಿಯಲ್ಲಿ ಮುಚ್ಚಿ ಗುಡ್ಡದೊಳಗೆ ಇಡುತ್ತಾರೆ. ಅದು ನಿಮಗೆ ತಲುಪುತ್ತದೆಂದು ಯಾರೂ ನಂಬುವುದಿಲ್ಲ. ಬರೆಯದೆ ಯಾರೂ ಮನೆಗೆ ಹೋಗುವುದೂ ಇಲ್ಲ. ಇವತ್ತು ನನ್ನ ಸರದಿ. ಹೆಚ್ಚಿನವರು ನಮಸ್ಕಾರ ಬರೆಯುತ್ತಾರೆ, ಕೆಲವರು ಸೊಂಟನೋವಿನ ದೂರು ಬರೆಯುತ್ತಾರೆ. ನಾನು ನನ್ನ ತಂಗಿ ರೇವಕ್ಕನ ವಿಷಯ ಬರೆಯುತ್ತಿದ್ದೇನೆ. ಬದುಕಿರುವವರಿಗೆ ಹೇಳಿದರೆ ಅವರು ನನಗೆ ಸಮಾಧಾನ ಹೇಳಲು ಬರುತ್ತಾರೆ. ಅದು ನನಗೆ ಬೇಡ.

ಕ್ಯಾನ್ಸರ್ ಇನ್ನೂ ಇದೆ, ಅಜ್ಜಿ. ನಮ್ಮ ಹೊತ್ತಿಗೆ ಅದು ಸಿಡುಬಿನಂತೆ ಕಥೆಯಾಗಿರುತ್ತದೆಂದು ನೀವು ಆಸೆಪಟ್ಟಿದ್ದರೆ, ಅದಕ್ಕೂ ಕ್ಷಮೆ ಇರಲಿ. ಆದರೆ ಈಗ ಹತ್ತು ಜನರಲ್ಲಿ ಒಂಬತ್ತು ಜನ ಒಂದೇ ಸಲದ ಔಷಧಿಯಿಂದ ಎದ್ದು ಓಡಾಡುತ್ತಾರೆ. ಆ ಔಷಧಿಗೆ ನಾವು ಕಿಡಿಮದ್ದು ಎನ್ನುತ್ತೇವೆ. ನಮ್ಮ ಕಡೆ ಮದ್ದು ಎಂದರೆ ಬಂಡೆ ಸಿಡಿಸುವ ಮದ್ದೂ ಹೌದು. ಇದಕ್ಕೆ ಆ ಹೆಸರು ಸರಿಯಾಗಿಯೇ ಒಪ್ಪುತ್ತದೆ. ಅದರಲ್ಲಿ ಎರಡು ಭಾಗ. ಒಂದು ಕಿಡಿ, ಅಂದರೆ ಗಡ್ಡೆಯನ್ನು ಸುಡುವ ವಿಕಿರಣದ ಅಣು. ಇನ್ನೊಂದು ದಾರಿಕಾರ, ಅಂದರೆ ಆ ಕಿಡಿಯನ್ನು ಹೊತ್ತು ಮೈಯೊಳಗೆ ನೇರವಾಗಿ ಗಡ್ಡೆಯ ಮನೆಬಾಗಿಲಿಗೆ ಒಯ್ಯುವಂಥದ್ದು. ದಾರಿಕಾರವನ್ನು ಆಯಾ ರೋಗಿಯ ರಕ್ತದಿಂದಲೇ ಬೆಳೆಸಬೇಕು, ಅದಕ್ಕೆ ಇಪ್ಪತ್ತನಾಲ್ಕು ದಿನ ಬೇಕು. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಬೆಳೆದದ್ದೆಲ್ಲ ಒಂದೇ ಸೀಸೆಗೆ ಹೋಗುತ್ತದೆ, ಮಿಕ್ಕುವುದಿಲ್ಲ. ಕಿಡಿಯ ಶಕ್ತಿಯಾದರೋ ಏಳು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಆದ್ದರಿಂದ ಬೆಳಗಿನ ಜಾವ ಕಿಡಿ ಹುಟ್ಟಿಸುವ ಚಕ್ರಯಂತ್ರದಿಂದ ಅದು ಬಂದ ಕೂಡಲೇ ಎರಡನ್ನೂ ಬೆಸೆದು, ಪರೀಕ್ಷಿಸಿ, ಮಧ್ಯಾಹ್ನದೊಳಗೆ ರೋಗಿಯ ನರಕ್ಕೆ ಏರಿಸಬೇಕು. ಮರುದಿನಕ್ಕೆ ಹತ್ತರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ, ಅದು ಯಾವ ಕೆಲಸಕ್ಕೂ ಬಾರದು.

ಪರೀಕ್ಷೆ ನಡೆಯುವ ಜಾಗವೇ ಒರೆಮನೆ. ಅಕ್ಕಸಾಲಿಗರು ಚಿನ್ನವನ್ನು ಒರೆಗೆ ಹಚ್ಚುವ ಹಾಗೆ ನಾವು ಔಷಧಿಯನ್ನು ಹಚ್ಚುತ್ತೇವೆ, ನಾನು ಒರೆಗಾರ್ತಿ. ಬಣ್ಣ, ತಿಳಿ, ಹುಳಿ ಎಲ್ಲ ನೋಡುತ್ತೇವೆ. ಆದರೆ ಎದೆ ಹೊಡೆದುಕೊಳ್ಳುವುದು ಪಟ್ಟಿಯ ಪರೀಕ್ಷೆಗೆ. ಅದು ನಿಮಗೆ ಚೆನ್ನಾಗಿ ಗೊತ್ತು. ಆ ಕಾಗದದ ಪಟ್ಟಿ ಇಷ್ಟು ವರ್ಷವಾದರೂ ಬದಲಾಗಿಲ್ಲ. ಪಟ್ಟಿಯ ಬುಡದಲ್ಲಿ ಔಷಧಿಯ ಒಂದು ಹನಿ ಇಟ್ಟು, ಗಾಜಿನ ಜಾಡಿಯಲ್ಲಿರುವ ದ್ರವದಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ದ್ರವ ಮೇಲೇರುವಾಗ, ದಾರಿಕಾರಕ್ಕೆ ಅಂಟದೆ ಬಿಡಿಬಿಡಿಯಾಗಿ ಉಳಿದ ಕಿಡಿಗಳು ಅದರ ಜೊತೆ ಓಡುತ್ತವೆ, ಅಂಟಿಕೊಂಡವು ಬುಡದಲ್ಲೇ ಇರುತ್ತವೆ. ನೂರಕ್ಕೆ ತೊಂಬತ್ತೈದಾದರೂ ಬುಡದಲ್ಲಿರಬೇಕು. ಕಡಿಮೆಯಾದರೆ ಬಿಡಿಕಿಡಿಗಳು ಮೈಯೆಲ್ಲ ಅಲೆದು ಮೂಳೆಯ ಒಳಗಿನ ಮಜ್ಜೆಯನ್ನು ಸುಡುತ್ತವೆ, ಕಾಪಾಡಬೇಕಾದದ್ದೇ ಕೊಲ್ಲುತ್ತದೆ. ಪಟ್ಟಿ ಓರೆಯಾಗಿ ಜಾಡಿಯ ಗಾಜಿಗೆ ಒರಗಿದರೆ ಮಾತ್ರ ಆ ಓಟ ಲೆಕ್ಕಕ್ಕಿಲ್ಲ. ಗಾಜು ಕಾಗದಗಳ ಸಂದಿಯಲ್ಲಿ ದ್ರವ ನುಗ್ಗಿ, ಅಂಟಿಕೊಂಡವನ್ನೂ ಮೇಲಕ್ಕೆ ಎಳೆದುಬಿಡುತ್ತದೆ. ಆಗ ಹೊಸ ಪಟ್ಟಿ ತೆಗೆದುಕೊಂಡು ಮತ್ತೆ ಓಡಿಸು ಎಂದು ನೀವೇ ಬರೆದಿದ್ದೀರಿ. ನಾನೂ ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಇಪ್ಪತ್ತು ನಿಮಿಷದ ಕೆಲಸ.

ಈಗ ನನ್ನ ವಿಷಯ. ಒರೆಮನೆಯಲ್ಲಿ ನನಗೆ ಕಲ್ಲವ್ವ ಎಂದು ಅಡ್ಡಹೆಸರು. ದ್ಯಾಮಣ್ಣ ಹೊಸಬರಿಗೆ ನನ್ನನ್ನು ಪರಿಚಯಿಸುವಾಗ, "ಈಕಿ ಕೈಯಾಗ ಗಂಗಾಜಲ ಕೊಟ್ಟರೂ ಮೂರು ಸಲ ಸೋಸತಾಳ, ನೀವು ಹುಷಾರಾಗಿರ್ರಿ" ಎನ್ನುತ್ತಿದ್ದ. ನನಗೆ ಅದನ್ನು ಕೇಳುವುದೇ ಒಂದು ಸುಖ. ಸಂಶಯ ಬಂದರೆ ಬೇಡ ಎನ್ನುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗಿತ್ತು. ಇದನ್ನು ಮೊದಲು ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಸುಲಭ.

ರೇವಕ್ಕ ನನಗಿಂತ ಆರು ವರ್ಷ ಚಿಕ್ಕವಳು. ಅವಳು ನೆರಳುಹಾಸು ಹೊಲಿಯುತ್ತಿದ್ದಳು. ನಮ್ಮ ಕಾಲದ ಬಿಸಿಲನ್ನು ನಿಮಗೆ ಹೇಗೆ ಹೇಳಲಿ? ಗದಗಿನಲ್ಲಿ ಈಗ ಮನೆಗಳೆಲ್ಲ ಅರ್ಧ ನೆಲದೊಳಗಿವೆ. ಹತ್ತು ಗಂಟೆಯಿಂದ ನಾಲ್ಕರವರೆಗೆ ಮಲಗಿರಬೇಕೆಂದು ಕಾನೂನೇ ಇದೆ. ಸೋಮಾರಿಗಳಿಗೆ ಇಷ್ಟು ಒಳ್ಳೆಯ ಕಾಲ ಹಿಂದೆಂದೂ ಬಂದಿರಲಿಲ್ಲ. ಒರೆಮನೆ, ಆಸ್ಪತ್ರೆಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಬೀದಿಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ದಪ್ಪ ಬಟ್ಟೆಯ ಹಾಸು ಕಟ್ಟಿರುತ್ತಾರೆ, ಅದೇ ನೆರಳುಹಾಸು. ಗಾಳಿಗೆ ಹರಿದದ್ದನ್ನು ಏಣಿ ಹತ್ತಿ ಹೊಲಿಯುವವರು ಊರಿಗೆ ಹತ್ತು ಹನ್ನೆರಡು ಜನ. ರೇವಕ್ಕ ಏಣಿಯ ಮೇಲಿನಿಂದಲೇ ಬೀದಿಯ ಸುದ್ದಿಯೆಲ್ಲ ಹೇಳುವವಳು, ಕೇಳುವವಳು. ಯಾರ ಮನೆಯಲ್ಲಿ ರೊಟ್ಟಿ ಸೀದರೂ ಅವಳಿಗೆ ಮೊದಲು ಗೊತ್ತು. ಗಂಡ ತೀರಿದ ಮೇಲೆ ಮಗಳು ಪದುಮಿಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು. ನನಗೆ ಮದುವೆ ಇಲ್ಲ, ಮಕ್ಕಳಿಲ್ಲ. ಆ ಇಬ್ಬರೇ ನನ್ನ ಸಂಸಾರ.

ಹನ್ನೊಂದು ವರ್ಷದ ಹಿಂದೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ವೈದ್ಯರು ತಡಮಾಡದೆ ರಕ್ತ ತೆಗೆದು ದಾರಿಕಾರ ಬೆಳೆಸಲು ಇಟ್ಟರು. ಅವಳ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿದರು, ಅದರ ಮೇಲೆ ನಾಲ್ಕುನೂರ ಹದಿನೇಳು. ಸೀಸೆಯ ಮೇಲೆ ರೋಗಿಯ ಹೆಸರು ಇರುವುದಿಲ್ಲ, ಆ ಸಂಖ್ಯೆ ಮಾತ್ರ. ಪರೀಕ್ಷಿಸುವವರಿಗೆ ಅದು ಯಾರದೆಂದು ತಿಳಿಯಬಾರದು ಎಂಬುದೇ ಉದ್ದೇಶ. ಆದರೆ ಇಪ್ಪತ್ತನಾಲ್ಕು ದಿನ ಆ ಕೈಯನ್ನು ತೊಳೆದವಳು ನಾನು, ಆ ಕೈಗೆ ರೊಟ್ಟಿ ಕೊಟ್ಟವಳು ನಾನು. ಸಂಖ್ಯೆಯನ್ನು ಮರೆಯುವುದು ಹೇಗೆ?

ಆ ಬೆಳಿಗ್ಗೆ ನಾಲ್ಕುನೂರ ಹದಿನೇಳನೆಯ ಸೀಸೆ ನನ್ನ ಮೇಜಿಗೇ ಬಂತು. ದ್ಯಾಮಣ್ಣ ಪಕ್ಕದ ಕೋಣೆಯಲ್ಲಿದ್ದ. 'ಇದು ನಮ್ಮವರದು, ನೀನು ನೋಡು' ಎಂದು ಹೇಳಿ ನಾನು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ತಂಗಿಯ ಔಷಧಿಯನ್ನು ನನಗಿಂತ ಚೆನ್ನಾಗಿ ಯಾರು ನೋಡಿಯಾರು ಎಂದುಕೊಂಡೆ. ಬಣ್ಣ ಸರಿಯಿತ್ತು, ತಿಳಿ ಸರಿಯಿತ್ತು. ಪಟ್ಟಿಯ ಮೇಲೆ ಹನಿ ಇಟ್ಟೆ. ಜಾಡಿಯಲ್ಲಿ ನಿಲ್ಲಿಸಿ ನೋಡಿದರೆ ಪಟ್ಟಿ ಒಂದಿಷ್ಟು ವಾಲಿ ಎಡಗಡೆ ಗಾಜಿಗೆ ತಗುಲಿದಂತಿತ್ತು. ದ್ರವ ಅರ್ಧ ಏರಿಬಿಟ್ಟಿತ್ತು. ಓಟ ಮುಗಿಸಿ ಎಣಿಸಿದೆ. ನೂರಕ್ಕೆ ತೊಂಬತ್ತೊಂದು.

ಬೇರೆ ಯಾರದೇ ಸೀಸೆಯಾಗಿದ್ದರೆ ಆ ಪಟ್ಟಿಯನ್ನು ಬುಟ್ಟಿಗೆ ಎಸೆದು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದೆ, ಎರಡನೆಯ ಯೋಚನೆಯೇ ಬರುತ್ತಿರಲಿಲ್ಲ. ಅವತ್ತು ಬಂತು. ಪಟ್ಟಿ ನಿಜವಾಗಿ ಒರಗಿತ್ತೋ, ಒರಗಿದ್ದರೆ ಚೆನ್ನಾಗಿತ್ತು ಎಂದು ನನ್ನ ಕಣ್ಣಿಗೆ ಹಾಗೆ ಕಂಡಿತೋ? ತಂಗಿ ಎಂಬ ಕಾರಣಕ್ಕೆ ನೆಪ ಹುಡುಕುತ್ತಿದ್ದೇನೆಯೇ? ಎರಡನೆಯ ಪಟ್ಟಿ ತೊಂಬತ್ತಾರು ತೋರಿಸಿದರೆ ಅದನ್ನು ನಂಬುವುದು ಹೇಗೆ, ಬೇಕಾದ ಉತ್ತರ ಬರುವವರೆಗೆ ಪ್ರಶ್ನೆ ಕೇಳಿದಂತಾಗುವುದಿಲ್ಲವೇ? ದ್ಯಾಮಣ್ಣನನ್ನು ಕೂಗಿದ್ದರೆ ಸಾಕಿತ್ತು. ಆದರೆ ಕೂಗಿದರೆ, ನಮ್ಮವರದು ಎಂದು ತಿಳಿದೂ ಮುಟ್ಟಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಕಲ್ಲವ್ವ ಕಟ್ಟಳೆ ಮುರಿದಳು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಗಡಿಯಾರ ನೋಡಿದೆ, ಬೇಕಾದಷ್ಟು ಹೊತ್ತಿತ್ತು. ನಾನು ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ 'ತಿರಸ್ಕೃತ' ಎಂದು ಬರೆದೆ. ಆಗ ನನಗೆ ನನ್ನ ಮೇಲೆ ಹೆಮ್ಮೆ ಅನಿಸಿತು. ಅಜ್ಜಿ, ಇದನ್ನು ಮತ್ತೊಮ್ಮೆ ಬರೆಯುತ್ತೇನೆ: ಹೆಮ್ಮೆ ಅನಿಸಿತು.

ಸೀಸೆಯನ್ನು ತಣಿಮನೆಗೆ ಒಯ್ದರು. ಕಿಡಿಗಳು ಆರಿಹೋಗಲಿ ಎಂದು ಬೇಡವಾದ ಔಷಧಿಯನ್ನು ಇಡುವ ಕಲ್ಲಿನ ಕೋಣೆ ಅದು. ನಾನು ಆಸ್ಪತ್ರೆಗೆ ಹೋಗಿ, ಸ್ನಾನ ಮಾಡಿ ತಲೆ ಬಾಚಿಕೊಂಡು ಹಾಸಿಗೆಯ ಮೇಲೆ ಕಾಯುತ್ತಿದ್ದ ರೇವಕ್ಕನಿಗೆ, ಔಷಧಿ ಕೆಟ್ಟಿತ್ತು, ನಾನೇ ನಿಲ್ಲಿಸಿದೆ ಎಂದು ಹೇಳಿದೆ. ಅವತ್ತೇ ಮತ್ತೆ ರಕ್ತ ತೆಗೆದು ಹೊಸ ದಾರಿಕಾರಕ್ಕೆ ಇಟ್ಟರು. ಇಪ್ಪತ್ತನಾಲ್ಕು ದಿನ. ಅಷ್ಟು ದಿನ ಅವಳು ತಾಳಬಹುದು ಎಂದು ವೈದ್ಯರು ಹೇಳಿದರು, ನನ್ನ ಮುಖ ನೋಡದೆ ಹೇಳಿದರು.

ತಿರಸ್ಕರಿಸಿದ ಪ್ರತಿ ಸೀಸೆಯಿಂದ ಒಂದು ಹನಿಯನ್ನು ಎತ್ತಿಡುತ್ತೇವೆ. ಅದಕ್ಕೆ ಸಾಕ್ಷಿಹನಿ ಎನ್ನುತ್ತೇವೆ. ಮರುದಿನ ಬೇರೆ ಕೈ ಅದನ್ನು ಒರೆಗೆ ಹಚ್ಚಬೇಕು. ದ್ಯಾಮಣ್ಣ ಹಚ್ಚಿದ. ಹನಿ ಹಳತಾದಷ್ಟೂ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ. ಒಂದು ದಿನ ಹಳತಾದ ಆ ಹನಿ ನೂರಕ್ಕೆ ತೊಂಬತ್ತೆಂಟು ತೋರಿಸಿತು. ಅವನು ಪಟ್ಟಿಯನ್ನು ಹಿಡಿದುಕೊಂಡೇ ನನ್ನ ಮೇಜಿಗೆ ಬಂದ. "ಅಲ್ಲಬೇ ನಿಂಬವ್ವಾ, ಔಷಧ ಚೊಲೋನ ಇತ್ತಲ್ಲ. ನಿನ್ನ ಪಟ್ಟಿ ಗಾಜಿಗೆ ತಾಗಿತ್ತೇನು?" ಎಂದ. "ಇನ್ನೊಂದು ಪಟ್ಟಿ ಯಾಕ ಓಡಿಸಲಿಲ್ಲ?" ಎಂದ. ಆಮೇಲೆ ನನ್ನ ಮುಖ ನೋಡಿ, ದನಿ ಇಳಿಸಿ, "ಯಾರದಬೇ ಅದು?" ಎಂದ. ಹೇಳಿದೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಹಾಳೆಯ ಬೆನ್ನಿಗೆ 'ಪಟ್ಟಿಯ ದೋಷ, ಔಷಧಿ ಶುದ್ಧ' ಎಂದು ಬರೆದು ಸಹಿ ಮಾಡಿದ. ಅದು ಯಾರ ಔಷಧಿ ಎಂಬುದನ್ನು ಬರೆಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡಾಗ ಆ ಮಾತನ್ನು ತನ್ನ ಜೊತೆಗೇ ಒಯ್ದ.

ಆ ದಿನ ಸಂಜೆ ರೇವಕ್ಕನಿಗೆ ನಿಜ ಹೇಳಬೇಕೆಂದೇ ಹೋದೆ. ನಾನು ಬಾಗಿಲಲ್ಲಿ ಕಾಣುತ್ತಲೇ ಅವಳು ಪಕ್ಕದ ಹಾಸಿಗೆಯ ಹೆಂಗಸಿಗೆ ನನ್ನನ್ನು ತೋರಿಸಿ, "ಇಕಿನ ನೋಡ್ರಿ ನಮ್ಮಕ್ಕ, ಒಡಹುಟ್ಟಿದಾಕಿ ಅಂತ ಸೈತ ಕಣ್ಣು ಮುಚ್ಚಲಿಲ್ಲ" ಎಂದಳು. ನಾಳೆ ಹೇಳೋಣ ಎಂದುಕೊಂಡೆ. ಹಾಗೆ ನಾಳೆಗಳು ಕಳೆದವು. ಪ್ರತಿ ಸೀಸೆಯ ಇನ್ನೊಂದು ಪರೀಕ್ಷೆ ಹದಿನಾಲ್ಕು ದಿನ ನಡೆಯುತ್ತದೆ. ಔಷಧಿಯಲ್ಲಿ ರೋಗಾಣು ಬೆಳೆಯುತ್ತವೆಯೇ ಎಂದು ನಳಿಕೆಯಲ್ಲಿಟ್ಟು ಕಾಯುವುದು. ಔಷಧಿ ಚೆಲ್ಲಿದರೂ ಆ ಕಾಯುವಿಕೆಯನ್ನು ಬಿಡುವಂತಿಲ್ಲ. ಹದಿನಾಲ್ಕನೆಯ ದಿನ ನಾಲ್ಕುನೂರ ಹದಿನೇಳರ ನಳಿಕೆ ತಿಳಿನೀರಿನ ಹಾಗಿತ್ತು. 'ಯಾವ ದೋಷವೂ ಇಲ್ಲ' ಎಂದು ನಾನೇ ಬರೆದು ಸಹಿ ಮಾಡಿ, ಅದೇ ಕೈಯಲ್ಲಿ ಅವಳಿಗೆ ಗಂಜಿ ತೆಗೆದುಕೊಂಡು ಹೋದೆ. ಎರಡು ಚಮಚ ಕುಡಿದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಆ ಸಂಖ್ಯೆ ಕಟ್ಟಿದ ಕೈಯನ್ನು ನನ್ನ ತಲೆಯ ಮೇಲಿಟ್ಟಳು. "ಯಾಕಳತೀಯಕ್ಕಾ? ಬ್ಯಾರೆ ಯಾರರ ಆಗಿದ್ರ ಆ ಕೆಟ್ಟ ಔಷಧ ನನ್ನ ಮೈಯಾಗ ಹೊಗಿಸಿ ಕೈತೊಳಕೋತಿದ್ರು. ನಿನ್ನ ಕೈಯಾಗ ಬಿತ್ತು ಅಂತ ಇಷ್ಟು ದಿನರ ಉಳದೇನಿ ನೋಡು" ಎಂದಳು.

ಹದಿನೇಳನೆಯ ದಿನ ಬೆಳಿಗ್ಗೆ ತೀರಿಕೊಂಡಳು. ಹೊಸ ದಾರಿಕಾರ ಸಿದ್ಧವಾಗಲು ಇನ್ನೂ ಏಳು ದಿನ ಇತ್ತು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಮಣ್ಣಿಗೆ ಬಂದ ಹಿರಿಯರೊಬ್ಬರು ಹೇಳಿದರು. ಆ ಗಾದೆ ಕಟ್ಟಿದವರಿಗೆ ತಂಗಿ ಇರಲಿಲ್ಲವೆಂದು ಕಾಣುತ್ತದೆ.

ಪದುಮಿಗೆ ಆಗ ಹದಿನಾಲ್ಕು ವರ್ಷ. ಅವಳನ್ನು ನಾನೇ ಬೆಳೆಸಿದೆ. ತಾಯಿ ಹೇಳಿದ ಮಾತನ್ನೇ ಹಿಡಿದುಕೊಂಡು ಬೆಳೆದಳು. ದೊಡ್ಡವ್ವ ಎಂದರೆ ಅವಳಿಗೆ ನ್ಯಾಯದ ತಕ್ಕಡಿ. ಶಾಲೆಯಲ್ಲಿ ನನ್ನ ಮೇಲೆ ಪ್ರಬಂಧ ಬರೆದು ಬಹುಮಾನ ತಂದಳು, ಅದು ಇವತ್ತಿಗೂ ನಮ್ಮ ಗೋಡೆಯ ಮೇಲಿದೆ. ಈಗ ಇಪ್ಪತ್ತೈದು. ಕಲಿಯಬೇಕಾದದ್ದೆಲ್ಲ ಕಲಿತು, ನಾಳೆ ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಕೂರಲು ಬರುತ್ತಿದ್ದಾಳೆ. ಹೊಸ ಒರೆಗಾರ್ತಿ ಮೊದಲ ದಿನ ಹಳೆಯ ತಿರಸ್ಕೃತ ಹಾಳೆಗಳಲ್ಲಿ ಐದನ್ನು, ಮುಂಭಾಗ ಬೆನ್ನು ಎರಡೂ, ತನ್ನ ಕೈಯಿಂದ ನಕಲು ಮಾಡಬೇಕು. ಯಾವ ಐದು ಎಂದು ಆರಿಸಿಡುವುದು ಹೋಗುವವಳ ಕೊನೆಯ ಕೆಲಸ. ನಿನ್ನೆ ಊಟಕ್ಕೆ ಕೂತಾಗ ಪದುಮಿ ಕೇಳಿದಳು: "ದೊಡ್ಡವ್ವಾ, ನಮ್ಮವ್ವನ ಔಷಧದ ಹಾಳಿ ಇಟ್ಟೀಯಿಲ್ಲ? ಅದನ್ನ ಮೊದಲ ಬರೀತೇನಿ ನಾ. ನಿನ್ನ ಅಕ್ಷರದಾಗಿನ 'ತಿರಸ್ಕೃತ' ನೋಡಬೇಕು." ನಾನು ರೊಟ್ಟಿ ಮುರಿಯುತ್ತಾ ತಲೆಯಾಡಿಸಿದೆ. ಆ ಹಾಳೆಯ ಬೆನ್ನಲ್ಲಿ ದ್ಯಾಮಣ್ಣನ ಸಹಿ ಇದೆ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ, ಅಜ್ಜಿ. ನಿಮ್ಮ ಹನ್ನೆರಡನೆಯ ಪುಟದ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇದೆ. ಈ ಪತ್ರ ಸಿಕ್ಕಿದರೆ ಅಲ್ಲಿ ಹೀಗೆ ಬರೆಯಿರಿ: 'ನಮ್ಮವರದು ಎಂದು ತಿಳಿದೂ ಮುಟ್ಟಿಬಿಟ್ಟಿದ್ದರೆ, ನಡುವಿನಲ್ಲಾದರೂ ರಜನಿಯನ್ನು ಕರೆಯಬೇಕು. ಮರ್ಯಾದೆ ಹೋದರೆ ಹೋಗಲಿ.' ನೀವು ಬರೆದದ್ದನ್ನು ನಾವು ಒಂದಕ್ಷರ ಬಿಡದೆ ಪಾಲಿಸುವ ಮಂದಿ. ಆ ಸಾಲು ಅಲ್ಲಿದ್ದಿದ್ದರೆ ನಾನು ಖಂಡಿತ ಕರೆಯುತ್ತಿದ್ದೆ. ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ನಮ್ಮ ನಕಲಿನ ಹನ್ನೆರಡನೆಯ ಪುಟ ತೆರೆದು ನೋಡಿದೆ. ನಾಲ್ಕು ಬೆರಳು ಜಾಗ ಹಾಗೇ ಖಾಲಿ ಇದೆ. ಅಂದರೆ ಈ ಪತ್ರ ನಿಮಗೆ ತಲುಪಲಿಲ್ಲ. ಆ ದಾರಿಯಲ್ಲೂ ರೇವಕ್ಕ ಉಳಿಯಲಿಲ್ಲ.

ಇನ್ನು ಅಪ್ಪಣೆ ಕೊಡಿ, ಅಜ್ಜಿ. ಐದು ಹಾಳೆ ಆರಿಸಿದ್ದೇನೆ, ಪದುಮಿ ಕೇಳಿದ್ದನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೇನೆ. ನಾಳೆ ಅವಳು ಅದನ್ನು ಬರೆಯುವಷ್ಟು ಹೊತ್ತು ನಾನು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಬೆನ್ನಿನ ಬರಹವನ್ನೂ ಮುಗಿಸಿ ಹೊರಗೆ ಬಂದಾಗ ಅವಳು ನನ್ನನ್ನು ಏನೆಂದು ಕರೆಯುತ್ತಾಳೋ, ಆ ಹೆಸರಿಗೆ ಓಗೊಡುತ್ತೇನೆ.

ನಿಂಬವ್ವ